ಅಚ್ಚುಕೂಟಕ್ಕೆ ಹೊರಟ ಅಕ್ಷರಗಳು

ಕಡತವೆಂಬ ಮಾತು ನಮ್ಮಲ್ಲಿ ಹಳೆಯದು. ಹುಣಿಸೆಬೀಜದ ಸರಿಯಲ್ಲಿ ಇದ್ದಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಆಮೇಲೆ ಕಛೇರಿಯ ಕಾಗದದ ಕಟ್ಟು ಕಡತವಾಯಿತು. ಈಗ ಕಂಪ್ಯೂಟರಿನ ಫೈಲಿಗೂ ಅದೇ ಹೆಸರನ್ನು ಇಟ್ಟಿದ್ದೇವೆ. ಹೆಸರು ಒಂದೇ ಆದರೂ ಭೇದ ಉಂಟು. ಬಟ್ಟೆಯ ಕಡತವನ್ನು ಎಲ್ಲಿ ಬಿಚ್ಚಿದರೂ ಬರೆದವನ ಅಕ್ಷರವೇ ಕಾಣುತ್ತಿತ್ತು. ಕಂಪ್ಯೂಟರಿನ ಕಡತವನ್ನು ಅಚ್ಚುಕೂಟದಲ್ಲಿ ಬಿಚ್ಚಿದಾಗ ಏನು ಕಾಣುತ್ತದೆಂಬುದು ಅಲ್ಲಿಯ ಯಂತ್ರದ ಮರ್ಜಿ. ಕೋಲಾರ ಸೀಮೆಯಲ್ಲಿ ಕನ್ನಡ ಪಾಠ ಹೇಳಿಕೊಂಡು, ಆಗೀಗ ಶಾಸನಗಳ ವಿಷಯವಾಗಿ ಒಂದು ಕಿರುಹೊತ್ತಗೆಯನ್ನು ಅಚ್ಚಿಗೆ ಕೊಡುವ ನನ್ನಂಥವರಿಗೆ ಈ ಭೇದ ಸಣ್ಣದಲ್ಲ.

ನಮ್ಮ ಜಿಲ್ಲೆಯ ಬರಹ ಅಚ್ಚುಕೂಟಕ್ಕೆ ಹೋದ ಕಥೆಯಲ್ಲಿ ಮೊದಲು ನೆನೆಯತಕ್ಕದ್ದು ಬಿ. ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಹತ್ತನೆಯ ಸಂಪುಟವನ್ನು. ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಮೊದಲಾದ ತಾಲ್ಲೂಕುಗಳ ಶಾಸನಗಳನ್ನು ತಾಲ್ಲೂಕುವಾರು ಎಣಿಸಿ ಕೊಟ್ಟ ಆ ಸಂಪುಟ ೧೯೦೫ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಶಾಸನವನ್ನು ಅಚ್ಚಿಗೆ ಸಿದ್ಧಪಡಿಸುವುದು ಹುಡುಗಾಟವಲ್ಲ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಬಡಿದು ಅಕ್ಷರದ ಗುಳಿಗಳಿಗೆ ಇಳಿಸಿ, ಮೇಲೆ ಮಸಿಯನ್ನು ಒತ್ತಿದರೆ ಅಚ್ಚುಪ್ರತಿ ಬರುತ್ತದೆ: ಅಕ್ಷರ ಬಿಳಿ, ಸುತ್ತಲೂ ಕಪ್ಪು. ಅದನ್ನು ಓದಿ ಈಗಿನ ಲಿಪಿಗೆ ಇಳಿಸಬೇಕು; ಇಳಿಸಿದ್ದನ್ನು ಮೊಳೆ ಜೋಡಿಸುವವನು ಮತ್ತೆ ಓದಬೇಕು. ಕಲ್ಲಿನಿಂದ ಪುಸ್ತಕದವರೆಗೆ ಅಕ್ಷರ ಕೈಯಿಂದ ಕೈಗೆ ಹೋಗುತ್ತಿತ್ತು, ಪ್ರತಿ ಕೈಯಲ್ಲಿಯೂ ಒಬ್ಬ ಓದುಗನಿದ್ದ. ಇದನ್ನು ಮುಂದೆ ನೆನಪಿನಲ್ಲಿಡಬೇಕು.

ಶಾಸನದಲ್ಲಿ ಬರುವ ಎರಡು ಅಕ್ಷರಗಳು ಈಗ ಬಳಕೆಯಲ್ಲಿಲ್ಲ. ಒಂದು ಱ, ಇನ್ನೊಂದು ೞ. ಕಾಲಕ್ರಮದಲ್ಲಿ ಮೊದಲನೆಯದು ರ ಕಾರದಲ್ಲಿಯೂ ಎರಡನೆಯದು ಬಹುಮಟ್ಟಿಗೆ ಳ ಕಾರದಲ್ಲಿಯೂ ಬೆರೆತುಹೋದುವು. ‘ಅಱಿ’ ಎಂದರೆ ತಿಳಿ. ‘ಅೞಿ’ ಎಂದರೆ ನಾಶವಾಗು, ಕೆಡಿಸು. ದಾನಶಾಸನದ ಕೊನೆಯಲ್ಲಿ, ಈ ಧರ್ಮವನ್ನು ಅೞಿದವನು ಮಹಾಪಾತಕಿಯಾಗಲಿ ಎಂಬ ಶಾಪವಿರುವುದುಂಟು. ತುಱುಗಳನ್ನು, ಎಂದರೆ ದನಗಳನ್ನು, ಹಿಡಿದುಕೊಂಡು ಹೋದವರೊಡನೆ ಕಾದಿ ಸತ್ತವನಿಗೆ ನಿಲ್ಲಿಸಿದ ವೀರಗಲ್ಲುಗಳೂ ಈ ಸೀಮೆಯಲ್ಲಿ ಉಂಟು. ಈ ಎರಡು ಅಕ್ಷರಗಳಿಲ್ಲದೆ ಕೋಲಾರದ ಹಳೆಯ ಕಥೆಯನ್ನು ಅಚ್ಚು ಮಾಡುವಂತಿಲ್ಲ.

ಮಂಗಳೂರಿನವರಿಗೆ ಅದು ಕಷ್ಟವಾಗಲಿಲ್ಲ. ೧೮೪೩ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದ ಆ ಮುದ್ರಣಾಲಯ, ೧೮೭೨ರಲ್ಲಿ ಕಿಟ್ಟೆಲರು ಸಂಪಾದಿಸಿದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು, ೧೮೯೪ರಲ್ಲಿ ಅವರ ನಿಘಂಟನ್ನು ಅಚ್ಚು ಮಾಡಿತ್ತು. ಹಳಗನ್ನಡದ ಅಕ್ಷರಗಳಿಗೆ ಮೊಳೆಗಳು ಅಲ್ಲಿ ಆಗಲೇ ಇದ್ದುವು. ಮೊಳೆ ಇಲ್ಲದ ಕಡೆಯೂ ಆ ಕಾಲದಲ್ಲಿ ಒಂದು ಅನುಕೂಲವಿತ್ತು: ಇಲ್ಲವೆಂಬುದು ಕಣ್ಣಿಗೆ ಕಾಣುತ್ತಿತ್ತು. ಮೊಳೆ ಜೋಡಿಸುವವನ ಪೆಟ್ಟಿಗೆಯಲ್ಲಿ ಮನೆ ಬರಿದಾಗಿದ್ದರೆ ಅವನು ಕೈ ನಿಲ್ಲಿಸಿ ಕೇಳುತ್ತಿದ್ದ.

ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರು ಪತ್ರಿಕೆ ನಡೆಸಿದವರು. ಮಾಲೂರು ತಾಲ್ಲೂಕಿನ ಮಾಸ್ತಿಯವರು ‘ಜೀವನ’ ಪತ್ರಿಕೆಯನ್ನು ಅನೇಕ ವರ್ಷ ಸಂಪಾದಿಸಿದವರು. ಕರಡಚ್ಚಿನ ಹಸಿ ಮಸಿಯ ವಾಸನೆ ಇಂಥವರಿಗೆ ಹೊಸದಾಗಿರಲಾರದು. ಆ ತಲೆಮಾರಿನ ಬರಹಗಾರರಿಗೆ ಅಚ್ಚುಕೂಟವೆಂದರೆ ತಮ್ಮ ಬರಹದ ಮೊದಲ ಓದುಗರು ಕುಳಿತಿದ್ದ ಜಾಗ.

ಕಂಪ್ಯೂಟರು ಬಂದಮೇಲೆ ಪೆಟ್ಟಿಗೆ ಹೋಯಿತು, ಮನೆಗಳು ಮಾತ್ರ ಉಳಿದುವು. ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶ ೧೯೮೫ರಲ್ಲಿ ಹುಟ್ಟಿತು. ಅದು ಬಲ್ಲದ್ದು ಇಂಗ್ಲಿಷಿನಂಥ ಲಿಪಿಗಳನ್ನು. ಒಂದು ಅಕ್ಷರವಿನ್ಯಾಸಕ್ಕೆ ಅದರಲ್ಲಿ ೨೫೬ ಮನೆಗಳು. ನಮ್ಮವರು ಜಾಣರು. ಆ ಮನೆಗಳಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಎಬ್ಬಿಸಿ ನಮ್ಮ ತಲೆಕಟ್ಟು, ಕೊಂಬು, ಏತ್ವ, ಒತ್ತಕ್ಷರಗಳ ತುಂಡುಗಳನ್ನು ಕೂರಿಸಿದರು. ಶ್ರೀಲಿಪಿ, ಆಕೃತಿ, ಪ್ರಕಾಶಕ, ೧೯೯೮ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಇವೆಲ್ಲ ಕನ್ನಡಕ್ಕೆ ಮಾಡಿದ ಉಪಕಾರವನ್ನು ಮರೆಯಬಾರದು. ಆದರೆ ಯಾವ ತುಂಡು ಯಾವ ಮನೆಯಲ್ಲಿ ಎಂಬ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಒಂದು ಮನೆತನದ ಕಡತವನ್ನು ಇನ್ನೊಂದು ಮನೆತನದ ಯಂತ್ರದಲ್ಲಿ ತೆರೆದರೆ ಕನ್ನಡವಿರಬೇಕಾದಲ್ಲಿ ಇಂಗ್ಲಿಷ್ ಅಕ್ಷರ, ಕಂಸ, ಪ್ರಶ್ನಾರ್ಥಕಗಳ ಜಾತ್ರೆ. ೨೫೬ ಮನೆಗಳಲ್ಲಿ ದಿನಬಳಕೆಯ ಕನ್ನಡಕ್ಕೇ ಇಕ್ಕಟ್ಟು. ಱ, ೞ ಗಳಂಥ ಮುದುಕರಿಗೆ ಎಲ್ಲರೂ ಮನೆ ಕೊಡಲಿಲ್ಲ.

ಇದರ ಪರಿಹಾರವಾಗಿ ಯೂನಿಕೋಡ್ ಬಂತು. ೧೯೯೧ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಳವಿತ್ತು. ತೆಲುಗಿನ ಕೇರಿ ಮುಗಿದೊಡನೆ ಕನ್ನಡದ ಕೇರಿ; ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡವಾದ ನಮ್ಮ ಶ್ರೀನಿವಾಸಪುರದ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ. ಅಲ್ಲಿ ೞ ಕಾರಕ್ಕೂ ಮನೆ ಸಿಕ್ಕಿತು, ಆದರೆ ಬಾಗಿಲ ಮೇಲಿನ ಹೆಸರು ತಪ್ಪು: ‘ಕನ್ನಡ ಲೆಟರ್ ಫ಼’! ಇಂಗ್ಲಿಷ್ ಮಾತುಗಳಿಗಾಗಿ ಫ ಕಾರಕ್ಕೆ ಚುಕ್ಕಿಯಿಟ್ಟು ಬರೆಯುವ ಉಚ್ಚಾರಣೆಗೂ ಕೇಶಿರಾಜನ ೞ ಕಾರಕ್ಕೂ ಏನು ನಂಟೋ! ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನವರ ನಿಯಮ. ಆದಕಾರಣ ತಪ್ಪನ್ನು ಒಪ್ಪಿ, ಪಕ್ಕದಲ್ಲಿ ಸರಿಯಾದ ಉಪನಾಮವನ್ನು ಬರೆದಿಟ್ಟಿದ್ದಾರೆ. ಹಳೆಯ ಬರಹಗಳಲ್ಲಿ ಸ್ವರವಿಲ್ಲದ ನ ಕಾರಕ್ಕೆ ಇದ್ದ ‘ನಕಾರಪೊಲ್ಲು’ ಎಂಬ ರೂಪಕ್ಕೆ ಮನೆ ಸಿಕ್ಕಿದ್ದು ೨೦೨೧ರಲ್ಲಿ.

ಆದರೆ ಬರಹಗಾರ ಯೂನಿಕೋಡಿಗೆ ಬಂದರೂ ಅಚ್ಚುಕೂಟ ಬರಲಿಲ್ಲ. ಪೇಜ್‌ಮೇಕರ್ ೨೦೦೧ರ ಆವೃತ್ತಿಗೆ ನಿಂತುಹೋಯಿತು. ಅದಕ್ಕೆ ಯೂನಿಕೋಡ್ ಕನ್ನಡ ತಿಳಿಯದು. ಅದರ ಸ್ಥಾನಕ್ಕೆ ಬಂದ ಇನ್‌ಡಿಸೈನ್ ನಮ್ಮ ಲಿಪಿಗಳನ್ನು ನೆಟ್ಟಗೆ ಜೋಡಿಸಲು ಕಲಿತದ್ದು ೨೦೧೨ರಲ್ಲಿ. ಕೈಗೆ ಪಳಗಿದ ಉಪಕರಣವನ್ನು ಬಿಡುವುದು ಯಾರಿಗೂ ಸುಲಭವಲ್ಲ. ಹೀಗಾಗಿ ಯೂನಿಕೋಡ್ ಕಡತವನ್ನು ಹಳೆಯ ಅಕ್ಷರವಿನ್ಯಾಸಕ್ಕೆ ‘ಕನ್ವರ್ಟ್’ ಮಾಡುವ ವಾಡಿಕೆ ಬೆಳೆಯಿತು. ಅಪಾಯವಿರುವುದು ಅಲ್ಲಿಯೇ.

ಕೆಲವು ವರ್ಷಗಳ ಹಿಂದೆ ನಾವು ಅಧ್ಯಾಪಕರು ನಾಲ್ಕೈದು ಮಂದಿ ಸೇರಿ ಈ ನಾಲ್ಕು ತಾಲ್ಲೂಕುಗಳ ಕೆಲವು ಶಾಸನಗಳ ಪರಿಚಯವನ್ನು ಬರೆದು ಒಂದು ಅಚ್ಚುಕೂಟಕ್ಕೆ ಕಳುಹಿಸಿದೆವು. ಕರಡು ಬಂತು. ಸುಂದರವಾದ ಪುಟ, ಎಲ್ಲಿಯೂ ಅಕ್ಷರ ಚೆದರಿರಲಿಲ್ಲ. ಶಾಪದ ಭಾಗಕ್ಕೆ ಬಂದಾಗ, ಧರ್ಮವನ್ನು ‘ಅಱಿದವನು’ ಮಹಾಪಾತಕಿ ಎಂದಿತ್ತು! ಅವರ ಅಕ್ಷರವಿನ್ಯಾಸದಲ್ಲಿ ೞ ಕಾರಕ್ಕೆ ಮನೆಯಿರಲಿಲ್ಲ. ಪುಟ ಕಟ್ಟಿದ ಹುಡುಗ, ನೋಟಕ್ಕೆ ಹತ್ತಿರವಾಗಿದೆಯೆಂದು, ಬರಿದಾದ ಕಡೆಯಲ್ಲೆಲ್ಲ ಱ ಹಾಕಿದ್ದ. ಧರ್ಮವನ್ನು ಕೆಡಿಸಿದವನಿಗೆ ಇದ್ದ ಶಾಪ ಅದನ್ನು ತಿಳಿದವನ ತಲೆಗೆ ಬಂತು. ಹುಡುಗನನ್ನು ದೂರುವಂತಿಲ್ಲ. ದಿನಕ್ಕೆ ಹತ್ತು ಲಗ್ನಪತ್ರಿಕೆ, ಇಪ್ಪತ್ತು ಕರಪತ್ರ ಮಾಡುವವನಿಗೆ ಓದುವ ಪುರಸೊತ್ತು ಎಲ್ಲಿಂದ? ಕೇಳಿದಾಗ ಅವನು ಹೇಳಿದ್ದು ಇಷ್ಟು: “ಸಾರ್, ನಾವು ಓದೋದಿಲ್ಲ, ಸೆಟ್ಟಿಂಗ್ ಮಾಡ್ತೀವಿ.” ರೈಸರ ಪುಸ್ತಕಕ್ಕೂ ನಮ್ಮ ಪುಸ್ತಕಕ್ಕೂ ನಡುವೆ ಆದ ಬದಲಾವಣೆಯನ್ನು ಇದಕ್ಕಿಂತ ಚೊಕ್ಕವಾಗಿ ನಾನು ಹೇಳಲಾರೆ.

ಆಮೇಲೆ ನಾವು ಪುಟಗಳನ್ನು ನಮ್ಮಲ್ಲಿಯೇ ಯೂನಿಕೋಡಿನಲ್ಲಿ ಕಟ್ಟಿ, ಅಕ್ಷರವಿನ್ಯಾಸವನ್ನು ಒಳಗೆ ಸೇರಿಸಿ, ಪಿಡಿಎಫ್ ಆಗಿ ಕಳುಹಿಸಿದೆವು. ಪಿಡಿಎಫ್ ಎಂಬುದು ಬಟ್ಟೆಯ ಕಡತದ ಹತ್ತಿರದ ಬಂಧು. ಒಳಗೆ ಸೇರಿಸಿದ ಅಕ್ಷರವನ್ನು ಯಾವ ಯಂತ್ರದಲ್ಲಿಯೂ ಹಾಗೆಯೇ ತೋರಿಸುತ್ತದೆ. ಸೇರಿಸುವುದನ್ನು ಮರೆತರೆ ಮಾತ್ರ ಕೆಟ್ಟಿತು. ಚಿತ್ರಗಳ ಕಷ್ಟ ಬೇರೆ. ವೀರಗಲ್ಲಿನ ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸಿದರೆ ಅದು ದಾರಿಯಲ್ಲಿಯೇ ಬಡವಾಗುತ್ತದೆ. ಅಚ್ಚಿಗೆ ಅಂಗುಲಕ್ಕೆ ೩೦೦ ಚುಕ್ಕೆ ಬೇಕು. ನಾಲ್ಕು ಅಂಗುಲದ ಚಿತ್ರಕ್ಕೆ ೧೨೦೦. ಇಲ್ಲವಾದರೆ ವೀರನ ಕತ್ತಿ ಕಂಡೀತು, ಕೆಳಗಿನ ಅಕ್ಷರ ಕಾಣದು. ಕತ್ತರಿಸುವ ಅಂಚಿಗೆ ಸುತ್ತಲೂ ೩ ಮಿಲಿಮೀಟರು ಬಿಡಬೇಕೆಂಬುದೂ, ಪರದೆಯ ಮೇಲಿನ ಕುಂಕುಮದ ಕೆಂಪು ನಾಲ್ಕು ಮಸಿಗಳಲ್ಲಿ ಅಷ್ಟು ಉಜ್ಜ್ವಲವಾಗಿ ಬಾರದೆಂಬುದೂ ತಿಳಿದಿರಬೇಕು. ಏನೇ ಕಳುಹಿಸಿದರೂ ಅಚ್ಚುಕೂಟದ ಯಂತ್ರದಿಂದಲೇ ತೆಗೆದ ಕಾಗದದ ಕರಡನ್ನು ಕೇಳಿ ಪಡೆದು, ಶಾಸನಪಾಠವನ್ನು ಇಬ್ಬರು ಕುಳಿತು, ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಮೂಲವನ್ನು ನೋಡಬೇಕು. ಅಚ್ಚುಕೂಟದಿಂದ ಎದ್ದುಹೋದ ಓದುಗನ ಪೀಠದಲ್ಲಿ ಈಗ ನಾವೇ ಕೂರಬೇಕಾಗಿದೆ.

ಇನ್ನು ಹಳೆಯ ಕಡತಗಳು. ಎರಡು ದಶಕಗಳ ಸ್ಮರಣಸಂಚಿಕೆ, ಸ್ಥಳಪುರಾಣ, ಕಾಲೇಜು ಪತ್ರಿಕೆಗಳ ಮೂಲ ಪೇಜ್‌ಮೇಕರಿನಲ್ಲಿ, ಮುಚ್ಚಿಹೋದ ಅಂಗಡಿಗಳ ಸಿ.ಡಿ.ಗಳಲ್ಲಿ ಉಳಿದಿದೆ. ಸಿಕ್ಕಿದ್ದನ್ನು ನಮ್ಮ ವಿದ್ಯಾರ್ಥಿಗಳು ಯೂನಿಕೋಡಿಗೆ ತಿರುಗಿಸುತ್ತಿದ್ದಾರೆ. ಅರ್ಕಾವತ್ತು ದೊಡ್ಡ ತೊಡಕು. ಹಳೆಯ ವಿನ್ಯಾಸದಲ್ಲಿ ಅದು ಅಕ್ಷರದ ಹಿಂದೆ ಬರುವ ತುಂಡು, ಯೂನಿಕೋಡಿನಲ್ಲಿ ಮುಂದೆ ಬರುವ ರ ಕಾರ. ಕೆಲವರು ಅದಕ್ಕೆ ಒಂಬತ್ತರ ಅಂಕಿಯನ್ನೇ ಒತ್ತಿದ್ದಾರೆ. ‘ಧರ್ಮ’ ‘ಧಮ೯’ ಎಂದು ಹೊರಬರುತ್ತದೆ. ಕಳೆದ ತಿಂಗಳು ಮಾಲೂರಿನ ಕಡೆಯ ಒಬ್ಬ ವಿದ್ಯಾರ್ಥಿನಿ ಒಂದು ಸ್ಮರಣಸಂಚಿಕೆಯ ೪೦ ಪುಟಗಳನ್ನು ಹೀಗೆ ತಿದ್ದಿ ತಂದಳು. ಇನ್ನು ೧೧೨ ಪುಟಗಳಿವೆ.