ಮಕ್ಕಳ ಕಲಿಕೆಗೆ ಸಂಬಂಧಿಸಿದಂತೆ ಪೋಷಕರು ಶಾಲೆಯೊಂದಿಗೆ ವ್ಯವಹರಿಸುವ ಕ್ರಮ

ಪೀಠಿಕೆ

ಮಗುವನ್ನು ಶಾಲೆಗೆ ದಾಖಲು ಮಾಡಿದ ಮಾತ್ರಕ್ಕೆ ಪೋಷಕರ ಪಾತ್ರವು ಮುಗಿಯುವುದಿಲ್ಲ. ಮಗುವಿನ ಹಾಜರಾತಿ, ಕಲಿಕೆ ಹಾಗೂ ಸುರಕ್ಷತೆಯ ಬಗ್ಗೆ ಶಿಕ್ಷಕರಿಂದ ಮಾಹಿತಿ ಪಡೆಯುವುದು ಪೋಷಕರ ಹಕ್ಕಾಗಿರುತ್ತದೆ. ಓದು ಬರಹ ಬಾರದವರು ಹಾಗೂ ದಿನಗೂಲಿ ಮಾಡುವವರು ಸಂಕೋಚದಿಂದ ಶಾಲೆಗೆ ಬಾರದೇ ಉಳಿಯುವುದುಂಟು. ಇದರಿಂದ ಒಂದು ತರಗತಿಯಲ್ಲಿ ಸರಿಪಡಿಸಬಹುದಾದ ಕೊರತೆಯು ಮುಂದಿನ ತರಗತಿಗಳಿಗೆ ಬೆಳೆದು, ಕೊನೆಗೆ ಮಗು ಶಾಲೆ ಬಿಡುವ ಸಂಭವವಿರುತ್ತದೆ. ಆದ್ದರಿಂದ ಕರ್ನಾಟಕದ ಪೋಷಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಕಾನೂನಿನ ಆಧಾರ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 ದಿನಾಂಕ 1-4-2010 ರಿಂದ ಜಾರಿಗೆ ಬಂದಿದ್ದು, 6 ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಇದರ 24ನೇ ಪ್ರಕರಣದ ಮೇರೆಗೆ ಶಿಕ್ಷಕರ ಕರ್ತವ್ಯಗಳಲ್ಲಿ ಈ ಕೆಳಗಿನವು ಸೇರಿವೆ:

ಅ) ಕ್ರಮಬದ್ಧವಾಗಿ, ಸಕಾಲದಲ್ಲಿ ಶಾಲೆಗೆ ಹಾಜರಾಗುವುದು.
ಆ) ನಿಗದಿತ ಅವಧಿಯಲ್ಲಿ ಪಠ್ಯಕ್ರಮವನ್ನು ಪೂರ್ಣಗೊಳಿಸುವುದು.
ಇ) ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು, ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡುವುದು.
ಈ) ಪೋಷಕರ ಸಭೆಗಳನ್ನು ನಿಯತವಾಗಿ ನಡೆಸಿ, ಮಗುವಿನ ಹಾಜರಾತಿ, ಕಲಿಕಾ ಸಾಮರ್ಥ್ಯ ಹಾಗೂ ಪ್ರಗತಿಯನ್ನು ತಿಳಿಸುವುದು.

ಆದ್ದರಿಂದ ಮಗುವಿನ ಪ್ರಗತಿಯನ್ನು ವಿಚಾರಿಸುವುದು ಶಿಕ್ಷಕರಿಗೆ ತೊಂದರೆ ಕೊಟ್ಟಂತೆ ಎಂದು ಪೋಷಕರು ಭಾವಿಸಬೇಕಾಗಿಲ್ಲ.

2. ತರಗತಿ ಶಿಕ್ಷಕರ ಭೇಟಿ

ಮೊದಲು ತರಗತಿ ಶಿಕ್ಷಕರನ್ನೇ ಕಾಣುವುದು ಸೂಕ್ತ. ಪಾಠದ ವೇಳೆಯನ್ನು ಬಿಟ್ಟು, ಮುಂಚಿತವಾಗಿ ಸಮಯ ಕೇಳಿಕೊಂಡು ಹೋಗುವುದರಿಂದ ಇತರ ಮಕ್ಕಳ ಪಾಠಕ್ಕೆ ಅಡಚಣೆಯಾಗುವುದಿಲ್ಲ. ಕೂಲಿ ಬಿಟ್ಟು ಬರುವ ಪೋಷಕರ ಸಮಯವೂ ವ್ಯರ್ಥವಾಗುವುದಿಲ್ಲ.

"ನಮ್ಮ ಮಗು ಹೇಗೆ ಓದುತ್ತಿದೆ" ಎಂದಷ್ಟೇ ಕೇಳಿದರೆ "ಪರವಾಗಿಲ್ಲ" ಎಂಬ ಉತ್ತರ ಮಾತ್ರ ದೊರೆಯಬಹುದು. ಬದಲಾಗಿ ಈ ಕೆಳಗಿನಂತೆ ವಿಚಾರಿಸಬಹುದು:

ಅ) ಮಗು ಪಾಠವನ್ನು ತಾನಾಗಿ ಓದಿ ಅರ್ಥ ಹೇಳುತ್ತದೆಯೇ?
ಆ) ಯಾವ ವಿಷಯದಲ್ಲಿ, ಯಾವ ಹಂತದಲ್ಲಿ ಹಿಂದುಳಿದಿದೆ?
ಇ) ಅದಕ್ಕಾಗಿ ಶಾಲೆಯಲ್ಲಿ ಏನು ಮಾಡಲಾಗುವುದು, ಮನೆಯಲ್ಲಿ ಏನು ಮಾಡಬೇಕು?
ಈ) ಪುನಃ ಯಾವ ದಿನ ಬಂದು ವಿಚಾರಿಸಬೇಕು?

ಉದಾಹರಣೆಗೆ, ನಾಲ್ಕನೇ ತರಗತಿಯ ಮಗುವಿಗೆ ದಶಕ ಸಹಿತ ವ್ಯವಕಲನ ಬಾರದಿದ್ದಲ್ಲಿ, ಭಾಗಾಕಾರವೂ ಕಷ್ಟವಾಗುತ್ತದೆ. ಕೊರತೆಯು ಎಲ್ಲಿದೆ ಎಂದು ತಿಳಿದರೆ ಮನೆಯಲ್ಲಿ ಕಡ್ಡಿ, ಕಾಳು, ಚಿಲ್ಲರೆ ಹಣ ಬಳಸಿಯೂ ಅಭ್ಯಾಸ ಮಾಡಿಸಬಹುದು. ಓದು ಬಾರದ ಪೋಷಕರು ಪ್ರಗತಿ ಪತ್ರವನ್ನು ಶಿಕ್ಷಕರಿಂದಲೇ ಓದಿಸಿಕೊಂಡು ಅರ್ಥಮಾಡಿಕೊಳ್ಳಬಹುದು. ಮನೆಯಲ್ಲಿನ ಕಾಯಿಲೆ, ವಲಸೆ, ಸಾವು ಮುಂತಾದ ಸಂಗತಿಗಳನ್ನು ಶಿಕ್ಷಕರಿಗೆ ತಿಳಿಸುವುದು ಒಳಿತು. ಇದರಿಂದ ಮಗುವಿನ ಮೌನವನ್ನಾಗಲೀ ಗೈರುಹಾಜರಿಯನ್ನಾಗಲೀ ತಪ್ಪಾಗಿ ಭಾವಿಸುವುದು ತಪ್ಪುತ್ತದೆ.

3. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್.ಡಿ.ಎಂ.ಸಿ.)

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಈ ಸಮಿತಿಗಳನ್ನು 2001ರಲ್ಲಿ ಸರ್ಕಾರಿ ಆದೇಶದ ಮೂಲಕ ರಚಿಸಲಾಯಿತು. 2009ರ ಅಧಿನಿಯಮದ 21ನೇ ಪ್ರಕರಣವು ಇಂತಹ ಸಮಿತಿಗೆ ಶಾಸನಬದ್ಧ ಆಧಾರವನ್ನು ಒದಗಿಸಿದೆ. ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಭಾಗ ಪೋಷಕರಿರಬೇಕು ಹಾಗೂ ಶೇ. 50ರಷ್ಟು ಮಹಿಳೆಯರಿರಬೇಕು. ಅವಕಾಶವಂಚಿತ ಹಾಗೂ ದುರ್ಬಲ ವರ್ಗಗಳ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ಅನುಗುಣವಾಗಿ ಪ್ರಾತಿನಿಧ್ಯ ನೀಡತಕ್ಕದ್ದು.

ಶಾಲೆಯ ಕಾರ್ಯನಿರ್ವಹಣೆಯ ಮೇಲ್ವಿಚಾರಣೆ, ಶಾಲಾಭಿವೃದ್ಧಿ ಯೋಜನೆಯ ತಯಾರಿಕೆ ಹಾಗೂ ಅನುದಾನದ ಬಳಕೆಯ ಪರಿಶೀಲನೆ ಸಮಿತಿಯ ಕಾರ್ಯಗಳಾಗಿವೆ. ಶೌಚಾಲಯ, ಕುಡಿಯುವ ನೀರು, ಬಿಸಿಯೂಟ, ಶಿಕ್ಷಕರ ಕೊರತೆ ಮುಂತಾದ ಇಡೀ ಶಾಲೆಗೆ ಸಂಬಂಧಿಸಿದ ವಿಷಯಗಳನ್ನು ಸಮಿತಿಯ ಮುಂದಿಡುವುದು ಸೂಕ್ತ.

ಸೂಚನೆ: ಅನುದಾನಿತ ಶಾಲೆಗಳಲ್ಲಿ ಸಮಿತಿಯು ಸಲಹಾ ಸ್ವರೂಪದ್ದಾಗಿರುತ್ತದೆ. ಅನುದಾನರಹಿತ ಖಾಸಗಿ ಶಾಲೆಗಳಿಗೆ 21ನೇ ಪ್ರಕರಣವು ಅನ್ವಯಿಸುವುದಿಲ್ಲ. ಅಲ್ಲಿನ ಪೋಷಕರು ಮುಖ್ಯ ಶಿಕ್ಷಕರು ಹಾಗೂ ಆಡಳಿತ ಮಂಡಳಿಗೆ ಲಿಖಿತವಾಗಿ ತಿಳಿಸಬಹುದು.

4. ವಿಶೇಷ ಅಗತ್ಯವುಳ್ಳ ಮಕ್ಕಳು

ದೃಷ್ಟಿ, ಶ್ರವಣ, ಮಾತು ಅಥವಾ ಕಲಿಕೆಯಲ್ಲಿ ತೊಂದರೆ ಕಂಡುಬಂದಲ್ಲಿ ಅದನ್ನು ದಡ್ಡತನ ಅಥವಾ ಸೋಮಾರಿತನವೆಂದು ತಿಳಿಯದೆ, ತಡಮಾಡದೆ ಶಾಲೆಗೆ ತಿಳಿಸಬೇಕು. ತಪಾಸಣೆ ಹಾಗೂ ನೆರವಿನ ಬಗ್ಗೆ ಮುಖ್ಯ ಶಿಕ್ಷಕರ ಮೂಲಕ ಕ್ಷೇತ್ರ ಸಂಪನ್ಮೂಲ ಕೇಂದ್ರವನ್ನು ಸಂಪರ್ಕಿಸಬಹುದು. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 31ನೇ ಪ್ರಕರಣದಂತೆ, ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳ 6 ರಿಂದ 18 ವರ್ಷದ ಮಕ್ಕಳು ನೆರೆಹೊರೆಯ ಶಾಲೆಯಲ್ಲಿ ಅಥವಾ ತಮ್ಮ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯಲು ಹಕ್ಕುಳ್ಳವರಾಗಿರುತ್ತಾರೆ.

5. ದೂರು ಸಲ್ಲಿಸುವ ವಿಧಾನ

ಅ) ಮೊದಲು ಮುಖ್ಯ ಶಿಕ್ಷಕರಿಗೆ ಅರ್ಜಿ ನೀಡಿ, ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆಯುವುದು. ಬರೆಯಲು ಬಾರದವರು ಬೇರೆಯವರಿಂದ ಬರೆಯಿಸಿ ಹೆಬ್ಬೆಟ್ಟಿನ ಗುರುತು ಹಾಕಬಹುದು.
ಆ) ಪರಿಹಾರ ದೊರೆಯದಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು, ನಂತರ ಜಿಲ್ಲಾ ಉಪನಿರ್ದೇಶಕರನ್ನು (ಆಡಳಿತ) ಸಂಪರ್ಕಿಸುವುದು.
ಇ) 32ನೇ ಪ್ರಕರಣದಂತೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ನೀಡಬಹುದು. ಪ್ರಾಧಿಕಾರವು ಸಂಬಂಧಪಟ್ಟವರ ಅಹವಾಲು ಕೇಳಿ 3 ತಿಂಗಳೊಳಗೆ ತೀರ್ಮಾನಿಸತಕ್ಕದ್ದು. ತೀರ್ಮಾನದಿಂದ ಬಾಧಿತರಾದವರು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳವನ್ನು 17ನೇ ಪ್ರಕರಣವು ನಿಷೇಧಿಸಿದೆ. ಮಗುವಿನ ಸುರಕ್ಷತೆಗೆ ಅಪಾಯವಿದ್ದಲ್ಲಿ ಮೇಲ್ಕಂಡ ಹಂತಗಳಿಗಾಗಿ ಕಾಯದೆ, ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಪೊಲೀಸರಿಗೆ ಕೂಡಲೇ ತಿಳಿಸುವುದು.

6. ಪೋಷಕರಲ್ಲಿ ಮನವಿ

ಮಗುವಿನ ಎದುರು ಶಿಕ್ಷಕರನ್ನು ನಿಂದಿಸುವುದು ಬೇಡ. ಶಿಕ್ಷಕರ ಎದುರು ಮಗುವನ್ನು ಹೀಯಾಳಿಸುವುದೂ ಬೇಡ. ವರ್ಷಾಂತ್ಯದ ಫಲಿತಾಂಶಕ್ಕಾಗಿ ಕಾಯದೆ, ಪೋಷಕರ ಸಭೆಗೆ ತಾಯಿ, ತಂದೆ, ಅಜ್ಜ, ಅಜ್ಜಿ ಯಾರಾದರೊಬ್ಬರು ತಪ್ಪದೇ ಹಾಜರಾಗಲು ಕೋರಲಾಗಿದೆ.