ಅಯೋನಾ: ಕಲ್ಲು, ಇದ್ದಿಲು ಮತ್ತು ಇತಿಹಾಸ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಹೆಬ್ರಿಡೀಸ್ ದ್ವೀಪಸಮೂಹವಿದೆ. ಅಲ್ಲಿನ ಮಲ್ ಎಂಬ ದೊಡ್ಡ ದ್ವೀಪದ ನೈರುತ್ಯ ತುದಿಯ ಎದುರಿಗಿರುವ ಪುಟ್ಟ ದ್ವೀಪವೇ ಅಯೋನಾ. ಉದ್ದ ಐದಾರು ಕಿ.ಮೀ., ಅಗಲ ಸುಮಾರು 2 ಕಿ.ಮೀ. ಅತಿ ಎತ್ತರದ ಗುಡ್ಡವೂ 101 ಮೀಟರ್ ಮಾತ್ರ. ಆದರೆ ಯುರೋಪಿನ ಕ್ರೈಸ್ತಧರ್ಮದ ಇತಿಹಾಸದಲ್ಲಿ ಇದರ ಸ್ಥಾನ ದೊಡ್ಡದು.

ದ್ವೀಪದ ಬಹುಭಾಗ ಲೂಯಿಸಿಯನ್ ನೈಸ್ ಎಂಬ ರೂಪಾಂತರ ಶಿಲೆಯಿಂದಾಗಿದೆ. ಇದರ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ಪೂರ್ವದ ಅಂಚಿನಲ್ಲಿ ಇದಕ್ಕಿಂತ ಕಿರಿಯ ಶಿಲೆಗಳಿವೆ. ಅವು ಮೂಲತಃ ನೀರಿನಡಿ ಸಂಚಯವಾದ ಮರಳು, ಹೂಳುಗಳಿಂದ ಆದವು. ಕಿರಿದಾದ ಜಲಸಂಧಿಯ ಆಚೆ, ಮಲ್‌ನಲ್ಲಿ, ಸುಮಾರು 42 ಕೋಟಿ ವರ್ಷ ಹಳೆಯ ನಸುಗೆಂಪು ಗ್ರಾನೈಟ್ ಇದೆ. ಹಿಮಯುಗದಲ್ಲಿ ಹಿಮನದಿಗಳು ಈ ಗ್ರಾನೈಟಿನ ಬಂಡೆಗಳನ್ನು ಅಯೋನಾಕ್ಕೂ ಹೊತ್ತು ತಂದವು.

ನೈಸ್ ಶಿಲೆಯ ಮೇಲಿನ ಮಣ್ಣು ತೆಳು, ಆಮ್ಲೀಯ, ಬೇಸಾಯಕ್ಕೆ ಒಗ್ಗದು. ಆದರೆ ಪಶ್ಚಿಮ ತೀರದಲ್ಲಿ ಚಿಪ್ಪುಗಳ ಪುಡಿ ಬೆರೆತ ಮರಳನ್ನು ಗಾಳಿ ಒಳನಾಡಿಗೆ ಹರಡಿದೆ. ಸುಣ್ಣದ ಅಂಶವಿರುವ ಈ ಬಯಲೇ ಇಲ್ಲಿನ ಹೊಲ. ಮಠವೊಂದು ಈ ಬಂಡೆಯ ದ್ವೀಪದಲ್ಲಿ ನೆಲೆಯೂರಲು ಇದೂ ನೆರವಾಯಿತು.

ಆ ಮಠವನ್ನು ಕಟ್ಟಿದವನು ಐರ್ಲೆಂಡಿನಿಂದ ಕ್ರಿ.ಶ. 563ರಲ್ಲಿ ಬಂದ ಸಂತ ಕೊಲಂಬಾ. ಆತ 597ರಲ್ಲಿ ತೀರಿಕೊಂಡ. ಮಠವು ಓದು, ಬರಹ, ಶಿಲ್ಪಗಳ ಕೇಂದ್ರವಾಗಿ ಬೆಳೆಯಿತು. ಈಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿರುವ ‘ಬುಕ್ ಆಫ್ ಕೆಲ್ಸ್’ ಎಂಬ ಚಿತ್ರಾಲಂಕೃತ ಹಸ್ತಪ್ರತಿಯ ಕೆಲಸ ಸುಮಾರು 800ರ ವೇಳೆಗೆ ಇಲ್ಲಿಯೇ ನಡೆದಿರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ. 795ರಿಂದ ವೈಕಿಂಗರ ದಾಳಿಗಳು ಆರಂಭವಾದವು. 806ರ ದಾಳಿಯಲ್ಲಿ 68 ಮಂದಿ ಹತರಾದರು.

ಇಂದು ಕಾಣುವ ಮಠದ ಕಟ್ಟಡ ಕೊಲಂಬಾನ ಕಾಲದ್ದಲ್ಲ. ಸುಮಾರು 1200ರಲ್ಲಿ ಆರಂಭವಾದ ಇದರ ಗೋಡೆಗಳಲ್ಲಿ ಮಲ್‌ನ ಗ್ರಾನೈಟ್ ಇದೆ. ಕೊಲಂಬಾನ ಕಾಲದ ಕಟ್ಟಡಗಳು ಮರ ಮತ್ತು ತಡಿಕೆಯವು. ಅವು ನೆಲದ ಮೇಲೆ ಉಳಿಯಲಿಲ್ಲ. ಆತನ ಸಾವಿನ ಸುಮಾರು ನೂರು ವರ್ಷಗಳ ನಂತರ ಮಠಾಧಿಪತಿ ಅಡಮ್ನಾನ್ ಬರೆದ ಜೀವನಚರಿತ್ರೆಯಲ್ಲಿ, ಎತ್ತರದ ಜಾಗದಲ್ಲಿದ್ದ ಗುಡಿಸಲಿನಲ್ಲಿ ಕುಳಿತು ಕೊಲಂಬಾ ಬರೆಯುತ್ತಿದ್ದನೆಂಬ ಮಾತಿದೆ. ಮಠದ ಎದುರಿನ ಬಂಡೆದಿಬ್ಬವೇ ಆ ಜಾಗವೆಂಬುದು ರೂಢಿಯ ನಂಬಿಕೆ. ಇದಕ್ಕೆ ಸಾಕ್ಷ್ಯವೇನು?

1957ರಲ್ಲಿ ಪ್ರಾಕ್ತನ ವಿಜ್ಞಾನಿ ಚಾರ್ಲ್ಸ್ ಥಾಮಸ್ ಆ ದಿಬ್ಬದಲ್ಲಿ ಉತ್ಖನನ ನಡೆಸಿದರು. ಸುಟ್ಟುಹೋದ ಗುಡಿಸಲಿನ ಇದ್ದಿಲು ಸಿಕ್ಕಿತು. ಇಂಗಾಲ-14 ವಿಧಾನ ಆಗಿನ್ನೂ ಹೊಸದು. ಪರೀಕ್ಷೆಗೆ ಇದ್ದಿಲು ಹೆಚ್ಚು ಬೇಕಾಗುತ್ತಿತ್ತು. ಥಾಮಸ್ ಮಾದರಿಗಳನ್ನು ಎಸೆಯದೆ ಕಾರ್ನ್‌ವಾಲ್‌ನಲ್ಲಿದ್ದ ತಮ್ಮ ಗ್ಯಾರೇಜಿನಲ್ಲಿ ಕಾಪಾಡಿದರು. ಮುಂದೆ ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು ಅವುಗಳ ಕಾಲವನ್ನು ನಿರ್ಣಯಿಸಿ 2017ರಲ್ಲಿ ಪ್ರಕಟಿಸಿದರು: ಕ್ರಿ.ಶ. 540ರಿಂದ 650ರ ನಡುವೆ.

ಇದು ಹೇಗೆ ಸಾಧ್ಯ? ಜೀವಿ ಸತ್ತ ಮೇಲೆ ಅದರಲ್ಲಿನ ಇಂಗಾಲ-14 ಕ್ಷಯಿಸುತ್ತಾ ಹೋಗುತ್ತದೆ. ಅದರ ಅರ್ಧಾಯು 5730 ವರ್ಷ. 1400 ವರ್ಷಗಳಲ್ಲಿ ಸುಮಾರು ಶೇ. 84 ಉಳಿದಿರುತ್ತದೆ. ಉಳಿದ ಪ್ರಮಾಣವನ್ನು ಅಳೆದು, ಮರದ ವಾರ್ಷಿಕ ಉಂಗುರಗಳ ನೆರವಿನಿಂದ ತಿದ್ದುಪಡಿ ಮಾಡಿ ಕಾಲವನ್ನು ಪಡೆಯುತ್ತಾರೆ. ಈ ಇದ್ದಿಲು ಹೇಝಲ್ ಗಿಡದ್ದು. ತಡಿಕೆಗೆ ಹೆಣೆಯುವುದು ಎಳೆಯ ಕೊಂಬೆಗಳನ್ನೇ. ಹಾಗಾಗಿ ಕೊಂಬೆಯ ವಯಸ್ಸು ಗುಡಿಸಲಿನ ವಯಸ್ಸಿಗೆ ಹತ್ತಿರವಿರುತ್ತದೆ. ಹಳೆಯ ತೊಲೆಯಾಗಿದ್ದರೆ ಲೆಕ್ಕ ದಶಕಗಳಷ್ಟು ತಪ್ಪಬಹುದಿತ್ತು.

ಕೊಲಂಬಾ ಅಲ್ಲಿ ಕುಳಿತು ಬರೆದನೆಂದು ಇದ್ದಿಲು ಹೇಳುವುದಿಲ್ಲ. ಆತನ ಜೀವಿತಕಾಲಕ್ಕೆ ಹೊಂದುವ ಗುಡಿಸಲೊಂದು ಆ ದಿಬ್ಬದ ಮೇಲಿತ್ತೆಂದಷ್ಟೇ ಹೇಳುತ್ತದೆ. ಅಡಮ್ನಾನನ ಬರಹಕ್ಕೆ ಅಷ್ಟರಮಟ್ಟಿಗೆ ಸ್ವತಂತ್ರ ಬೆಂಬಲ ದೊರೆತಂತಾಯಿತು. ಒಂದು ಪೀಳಿಗೆ ಜೋಪಾನ ಮಾಡಿದ ಮಾದರಿಯಿಂದ ಮುಂದಿನ ಪೀಳಿಗೆ ಉತ್ತರ ಪಡೆಯಿತು. ಮಾದರಿಗಳನ್ನು ಕಾಪಾಡುವುದೂ ಸಂಶೋಧನೆಯ ಭಾಗವೇ ಎಂಬುದಕ್ಕೆ ಅಯೋನಾದ ಹಿಡಿಯಷ್ಟು ಇದ್ದಿಲು ಉತ್ತಮ ನಿದರ್ಶನ.