ಹೊಗೆಯನ್ನು ಎಲ್ಲಿಗೆ ಕಳಿಸುವುದು?

ಪಿಎಚ್.ಡಿ. ಮಾಡಲು ದೆಹಲಿಗೆ ಬಂದ ಮೇಲೆ ಮೂರು ಚಳಿಗಾಲಗಳನ್ನು ಕೆಮ್ಮುತ್ತಲೇ ಕಳೆದೆ. ನಾಲ್ಕನೆಯದು ಶುರುವಾಗುವ ಹೊತ್ತಿಗೆ ಫೆಲೋಶಿಪ್ ಹಣ ಬಂತು. ಅದರಲ್ಲಿ ಒಂದು ಏರ್ ಪ್ಯೂರಿಫೈಯರ್ ಕೊಂಡೆ. ಊರಿಗೆ ಫೋನ್ ಮಾಡಿ ಹೇಳಿದರೆ ಅಮ್ಮ, "ಗಾಳಿಗೂ ದುಡ್ಡು ಕೊಡೋ ಕಾಲ ಬಂತಾ?" ಎಂದು ನಕ್ಕಳು. ನಗುವ ಮಾತಲ್ಲ ಎಂದು ಅವಳಿಗೂ ಗೊತ್ತಿತ್ತು.

ಅಂಗಡಿಯವನು ಅಯಾನು, ನೇರಳಾತೀತ ಬೆಳಕು, ಮೊಬೈಲ್ ಆ್ಯಪ್ ಎಂದು ಏನೇನೋ ತೋರಿಸಿದ. ಆದರೆ ಮೊದಲು ನೋಡಬೇಕಾದದ್ದು ಯಂತ್ರ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬುದನ್ನು. ಪೆಟ್ಟಿಗೆಯ ಮೇಲೆ ಅದನ್ನು ಸಿಎಡಿಆರ್ ಎಂದು ಬರೆದಿರುತ್ತಾರೆ. ನನ್ನ ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಅಂದರೆ ಸುಮಾರು 34 ಘನ ಮೀಟರ್ ಗಾಳಿ. ಅದಷ್ಟೂ ಗಂಟೆಗೆ ಐದು ಸಲ ಸೋಸಿ ಬರಬೇಕಾದರೆ 170 ಬೇಕು. ಈ ಸಂಖ್ಯೆ ಯಂತ್ರ ಪೂರ್ತಿ ವೇಗದಲ್ಲಿ ಗುಂಯ್‌ಗುಡುವಾಗಿನದು. ರಾತ್ರಿ ಸದ್ದು ತಗ್ಗಿಸಿದರೆ ಅದೂ ತಗ್ಗುತ್ತದೆ. ಹಾಗಾಗಿ ಲೆಕ್ಕಕ್ಕಿಂತ ದೊಡ್ಡದನ್ನೇ ಆರಿಸಿದೆ. ಓಝೋನ್ ಬಿಡುವ ಯಂತ್ರಗಳನ್ನು ಬಿಟ್ಟೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಫಿಲ್ಟರಿನ ಬೆಲೆಯನ್ನೂ ಮೊದಲೇ ಕೇಳಿಕೊಂಡೆ. ಯಂತ್ರವನ್ನು ಒಮ್ಮೆ ಕೊಂಡರಾಯಿತು, ಫಿಲ್ಟರನ್ನು ಕೊಳ್ಳುತ್ತಲೇ ಇರಬೇಕು.

ಇತಿಹಾಸದ ವಿದ್ಯಾರ್ಥಿಗೆ ಇರುವ ಚಟದಿಂದ, ಈ ಫಿಲ್ಟರ್ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದೆ. 1870ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಭೌತವಿಜ್ಞಾನಿ ಜಾನ್ ಟಿಂಡಲ್ ದೂಳು ಮತ್ತು ಕಾಯಿಲೆಯ ಬಗ್ಗೆ ಉಪನ್ಯಾಸ ಮಾಡಿದರು. ಪ್ರಖರವಾದ ಬೆಳಕಿನ ಕೋಲೊಂದನ್ನು ಹಾಯಿಸಿ, ಸ್ವಚ್ಛವೆಂದುಕೊಂಡ ಗಾಳಿಯಲ್ಲಿ ಎಷ್ಟು ಕಣಗಳು ತೇಲುತ್ತಿವೆ ಎಂದು ತೋರಿಸಿದರು. ಅಜ್ಜಿಮನೆಯ ಅಡುಗೆಕೋಣೆಯ ಬೆಳಕಿಂಡಿಯಿಂದ ಬೀಳುತ್ತಿದ್ದ ಬಿಸಿಲಕೋಲಿನಲ್ಲಿ ಒಲೆಯ ಹೊಗೆ ಸುರುಳಿ ಸುತ್ತುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹತ್ತಿಯ ಮೂಲಕ ಗಾಳಿ ಹಾಯಿಸಿದರೆ ಆ ಕಣಗಳು ನಿಲ್ಲುತ್ತವೆ ಎಂದು ಕಂಡುಕೊಂಡ ಟಿಂಡಲ್, ಮರುವರ್ಷ ಹತ್ತಿ, ಗ್ಲಿಸರಿನ್, ಇದ್ದಿಲುಗಳನ್ನು ಬಳಸಿ ಬೆಂಕಿ ಆರಿಸುವವರಿಗಾಗಿ ಮುಖವಾಡವನ್ನೂ ರೂಪಿಸಿದರು.

ನಾವಿಂದು ಹೆಪಾ ಎನ್ನುವ ಫಿಲ್ಟರಿನ ಹಿಂದೆ ಯುದ್ಧವಿದೆ. ಎರಡನೆಯ ಮಹಾಯುದ್ಧದ ವಿಷಾನಿಲ ಮುಖವಾಡಗಳಿಗಾಗಿ ತಯಾರಾದ ಕಾಗದವೇ ಅದರ ಪೂರ್ವಜ. ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ವಿಕಿರಣಶೀಲ ಕಣಗಳನ್ನು ಹಿಡಿಯಲು ಅಂಥದೇ ಕಾಗದ ಬೇಕಾಯಿತು. ಆ ಮೊದಮೊದಲ ಕಾಗದದಲ್ಲಿ ಇದ್ದದ್ದು ಕಲ್ನಾರು! ಶ್ವಾಸಕೋಶ ಕಾಯಲು ಮಾಡಿದ್ದರಲ್ಲಿ ಶ್ವಾಸಕೋಶವನ್ನೇ ಕೊಲ್ಲುವ ನಾರು. ಗಾಜಿನ ಎಳೆಗಳು ಅದರ ಜಾಗಕ್ಕೆ ಬಂದದ್ದು ಆಮೇಲೆ.

ಹೆಪಾ ಫಿಲ್ಟರನ್ನು ನಾವು ಜರಡಿ ಎಂದುಕೊಳ್ಳುತ್ತೇವೆ. ಅದು ಜರಡಿಯಲ್ಲ. ದೊಡ್ಡ ಕಣಗಳು ನೇರವಾಗಿ ಬಂದು ಎಳೆಗೆ ಬಡಿಯುತ್ತವೆ. ತೀರಾ ಸಣ್ಣವು ದಿಕ್ಕುಗೆಟ್ಟು ಅಲೆಯುತ್ತ ಎಳೆಗೆ ತಗುಲಿ ಅಂಟಿಕೊಳ್ಳುತ್ತವೆ. ನುಣುಚಿಕೊಳ್ಳುವುದು ಇವೆರಡರ ನಡುವಿನವು, 0.3 ಮೈಕ್ರಾನ್ ಆಸುಪಾಸಿನವು. ಅವುಗಳಲ್ಲಿಯೂ ಶೇ. 99.97ರಷ್ಟನ್ನು ಹಿಡಿದರೆ ಮಾತ್ರ ಆ ಹೆಸರು. ಆದರೆ ಅದು ಹಿಡಿಯುವುದು ಕಣವನ್ನು, ಅನಿಲವನ್ನಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿದರೆ ಕಾರ್ಬನ್ ಮಾನಾಕ್ಸೈಡಿನಿಂದ ಈ ಯಂತ್ರ ಯಾರನ್ನೂ ಉಳಿಸುವುದಿಲ್ಲ.

ನನ್ನ ಯಂತ್ರದ ಮೇಲೊಂದು ಪುಟ್ಟ ಪರದೆಯಿದೆ, ಕಣಗಳ ಪ್ರಮಾಣ ತೋರಿಸುವುದು. ಒಗ್ಗರಣೆ ಹಾಕಿದರೆ ಸಂಖ್ಯೆ ಏರುತ್ತದೆ, ಕಿಟಕಿ ತೆರೆದರೆ ಏರುತ್ತದೆ. ಕೆಲವೇ ದಿನಗಳಲ್ಲಿ ಇನ್ನೊಂದನ್ನೂ ಗಮನಿಸಿದೆ. ರಾತ್ರಿ ಹನ್ನೊಂದರ ಸುಮಾರಿಗೆ, 40ರ ಆಸುಪಾಸಿನಲ್ಲಿದ್ದದ್ದು 150 ದಾಟುತ್ತಿತ್ತು. ಕೆಳಗೆ ಇಣುಕಿದರೆ ಗೇಟಿನ ಬಳಿ ಕಾವಲುಗಾರ ತಗಡಿನ ಡಬ್ಬಿಯಲ್ಲಿ ಮುರಿದ ಪೀಠೋಪಕರಣಗಳ ಚೂರು ಹಾಕಿ ಬೆಂಕಿ ಕಾಯಿಸುತ್ತಿದ್ದ. ಹಳೆಯ ಕಿಟಕಿಯ ಸಂದುಗಳಿಂದ ಆ ಹೊಗೆ ನೇರ ನನ್ನ ಕೋಣೆಗೆ.

ನಾನು ದೂರು ಕೊಟ್ಟೆ. ನಿವಾಸಿಗಳ ಸಂಘದವರು ಮರುದಿನವೇ ಬೆಂಕಿ ನಿಲ್ಲಿಸಿದರು. ಸಂಖ್ಯೆ ಇಳಿಯಿತು. ಮೂರನೆಯ ರಾತ್ರಿ ಗ್ರಂಥಾಲಯದಿಂದ ತಡವಾಗಿ ಬಂದಾಗ ಆತ ಕಂಬಳಿ ಹೊದ್ದು ಗೇಟಿನ ಮುಂದೆ ಅತ್ತಿಂದಿತ್ತ ನಡೆಯುತ್ತಿದ್ದ. "ಕೂತರೆ ಚಳಿ ಜಾಸ್ತಿ ದೀದಿ," ಎಂದ. ದೂರು ಯಾರದೆಂದು ಆತನಿಗೆ ಗೊತ್ತಿತ್ತೋ ಇಲ್ಲವೋ, ನಾನು ಹೇಳಲಿಲ್ಲ.

ಆ ವಾರ ನಾನು ಓದುತ್ತಿದ್ದದ್ದು ಲಂಡನ್ನಿನ ಹೊಗೆಯ ಕಥೆ. 1661ರಲ್ಲಿ ಜಾನ್ ಎವೆಲಿನ್ ಎಂಬ ಲೇಖಕ ದೊರೆ ಎರಡನೆಯ ಚಾರ್ಲ್ಸನಿಗೆ 'ಫ್ಯೂಮಿಫ್ಯೂಜಿಯಂ' ಎಂಬ ಕಿರುಪುಸ್ತಕ ಒಪ್ಪಿಸಿದ. ಅರಮನೆಗೂ ನುಗ್ಗುತ್ತಿದ್ದ ಕಲ್ಲಿದ್ದಲ ಹೊಗೆಗೆ ಅವನು ಸೂಚಿಸಿದ ಪರಿಹಾರ: ಸುಣ್ಣ ಸುಡುವವರು, ಸೋಪು ಕುದಿಸುವವರು, ಬಣ್ಣ ಹಾಕುವವರನ್ನು ಊರಾಚೆ ಸಾಗಿಸುವುದು, ನಗರದ ಸುತ್ತ ಪರಿಮಳದ ಗಿಡ ನೆಡುವುದು. ಎರಡೂ ಆಗಲಿಲ್ಲ. ಸುಮಾರು ಮುನ್ನೂರು ವರ್ಷಗಳ ನಂತರ, 1952ರ ಡಿಸೆಂಬರ್ 5ರಿಂದ 9ರವರೆಗೆ ಮಂಜು ಮತ್ತು ಹೊಗೆ ಸೇರಿ ಲಂಡನ್ನನ್ನು ಮುಚ್ಚಿತು. ಸತ್ತವರು ಸುಮಾರು 4,000 ಎಂದು ಅಂದಿನ ಲೆಕ್ಕ. ನಂತರದ ಅಧ್ಯಯನಗಳು 12,000ದವರೆಗೂ ಹೇಳುತ್ತವೆ. ಆ ಹೊಗೆಯ ದೊಡ್ಡ ಪಾಲು ಚಳಿ ಕಾಯಿಸಿಕೊಳ್ಳುತ್ತಿದ್ದ ಸಾಮಾನ್ಯರ ಮನೆಗಳದ್ದೇ ಆಗಿತ್ತು.

1956ರ ಶುದ್ಧ ಗಾಳಿ ಕಾಯ್ದೆಯನ್ನು ನಾನು ಹಿಂದೆಯೂ ಓದಿದ್ದೆ. ಈ ಸಲ ಕಣ್ಣು ನಿಂತದ್ದು ಬೇರೆ ಕಡೆ. ಅದು ಹೊಗೆಯಿಲ್ಲದ ವಲಯಗಳನ್ನು ಮಾಡಿ ಸುಮ್ಮನಾಗಲಿಲ್ಲ. ಮನೆಗಳ ಅಗ್ಗಿಷ್ಟಿಕೆ ಬದಲಿಸುವ ವೆಚ್ಚದ ಬಹುಪಾಲನ್ನೂ ಸಾರ್ವಜನಿಕ ಹಣದಿಂದ ಕೊಟ್ಟಿತು. ಬೆಂಕಿ ಆರಿಸು ಎನ್ನುವವರು ಬೇರೆ ಬೆಚ್ಚನ್ನು ಕೊಡಬೇಕು ಎಂಬ ಸರಳ ನ್ಯಾಯ ಅದು.

ನಮ್ಮಲ್ಲೂ ಇಂಥದೊಂದು ನೆನಪಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರದಲ್ಲಿ ರೂಪುಗೊಂಡದ್ದು ಅಸ್ತ್ರ ಒಲೆ. ಮೂರು ಪಾತ್ರೆ ಇಡುವ, ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯ ಮೂಲಕ ಅಡುಗೆಕೋಣೆಯಿಂದ ಆಚೆ ಕಳಿಸುವ ಒಲೆ. ಅದರ ಹಿಂದಿನ ಯೋಚನೆ ಹೆಂಗಸಿಗೆ ಮುಖವಾಡ ಕೊಡುವುದಲ್ಲ, ಒಲೆಯನ್ನೇ ಬದಲಿಸುವುದು. ನಾನಾದರೋ ನನ್ನ 34 ಘನ ಮೀಟರನ್ನಷ್ಟೇ ಸೋಸಿಕೊಂಡು, ಬೆಂಕಿ ಕಾಯುವವನ ಮೇಲೆ ದೂರು ಕೊಟ್ಟಿದ್ದೆ.

ಕಾವಲುಗಾರರಿಗೆ ವಿದ್ಯುತ್ ಹೀಟರ್ ಕೊಡಬೇಕೆಂಬುದು ದೆಹಲಿಯ ಮಾಲಿನ್ಯ ನಿಯಂತ್ರಣ ಕ್ರಮಗಳಲ್ಲೇ ಇದೆ. ಅದನ್ನು ಉಲ್ಲೇಖಿಸಿ ಸಂಘಕ್ಕೆ ಎರಡನೆಯ ಪತ್ರ ಬರೆದೆ. ಬೆಂಕಿ ನಿಲ್ಲಿಸಲು ಒಂದು ದಿನ ಸಾಕಾಗಿತ್ತು, ಹೀಟರ್ ಬರಲು ಹತ್ತೊಂಬತ್ತು ದಿನ ಹಿಡಿಯಿತು.

ಫೆಬ್ರವರಿಯ ಕೊನೆಗೆ ಫಿಲ್ಟರ್ ಬದಲಿಸಿದೆ. ತೊಳೆದರೆ ಎಳೆಗಳು ಹಾಳಾಗುತ್ತವೆ, ಎಸೆಯಲೇಬೇಕು. ಬೆಳ್ಳಗಿದ್ದದ್ದು ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕೆಳಗೆ ಒಯ್ಯುವಾಗ ಆತ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ.

"ಎಷ್ಟು ದಿನದ್ದು ಇದು?"

"ಒಂದು ಚಳಿಗಾಲದ್ದು ಭೈಯಾ."

ಆತ ಅದನ್ನು ಕಸದ ಡಬ್ಬಿಗೆ ಹಾಕಿ, ಕೈ ಒರೆಸಿಕೊಂಡು ಹೇಳಿದ: "ನಾನು ಈ ಗೇಟಿಗೆ ಬಂದು ಹನ್ನೊಂದು ಚಳಿಗಾಲ ಆಯ್ತು."